ಕೋವಿಗೆ ಮರದ ಮೈ, ಲೋಹದ ಮೈ

ಇಂಗ್ಲೆಂಡಿನಲ್ಲಿ ನಾನು ಹೊಡೆದ ಮೊದಲ ಈಡಿಗೆ ಮೊದಲು ಸುರಿದದ್ದು ನನ್ನದೇ ರಕ್ತ. ಗುಡ್ಡದ ಇಳಿಜಾರಿನಲ್ಲಿ ಬೋರಲು ಮಲಗಿ, ಮೇಲಕ್ಕೆ ಗುರಿಯಿಟ್ಟು ಟ್ರಿಗರ್ ಒತ್ತಿದ್ದೆ. ಕೋವಿ ಹಿಂದಕ್ಕೆ ಒದ್ದಾಗ ಅದರ ಮೇಲಿದ್ದ ದುರ್ಬೀನಿನ ಅಂಚು ಬಲಹುಬ್ಬನ್ನು ಮೂಳೆಯವರೆಗೆ ಸೀಳಿತು. ಜಿಂಕೆ ಬಿತ್ತೋ ಓಡಿತೋ ನೋಡಲಾಗಲಿಲ್ಲ; ಕಣ್ಣ ತುಂಬ ಬಿಸಿ ರಕ್ತ. ಜೊತೆಗಿದ್ದ ರೈತ ತನ್ನ ಕೊಳಕು ಕರವಸ್ತ್ರವನ್ನು ಹಣೆಗೆ ಒತ್ತಿ ಹಿಡಿದು, "ಅದು ಸತ್ತಿದೆ ಡಾಕ್ಟರ್. ನೀನು ಸಾಯದಿದ್ದರೆ ಸಾಕು," ಅಂದ.

ಆ ರೈತ ನಮ್ಮ ಆಪರೇಷನ್ ಥಿಯೇಟರಿನ ನರ್ಸ್ ಒಬ್ಬಳ ಚಿಕ್ಕಪ್ಪ. ಶೆಫೀಲ್ಡಿನ ಪಶ್ಚಿಮಕ್ಕೆ, ಬೋಳು ಗುಡ್ಡಗಳ ಅಂಚಿನಲ್ಲಿ ಅವನ ಹೊಲ. ಚಳಿಗಾಲ ಬಂತೆಂದರೆ ಕೆಂಪು ಜಿಂಕೆಗಳು, ನಮ್ಮ ಕಡವೆಯ ಮೈಕಟ್ಟಿನವು, ಹಿಂಡಾಗಿ ಇಳಿದು ಅವನ ಟರ್ನಿಪ್ ಗೆಡ್ಡೆಯ ಬೆಳೆಯನ್ನು ಬುಡಸಮೇತ ತಿಂದುಹಾಕುತ್ತಿದ್ದವು. ಹೆಣ್ಣು ಜಿಂಕೆಗಳನ್ನು ಹೊಡೆಯಲು ಕಾನೂನು ಬಿಡುವ ತಿಂಗಳುಗಳಲ್ಲಿ ನಾನು ಬರಬಹುದು ಎಂದು ಒಪ್ಪಿದ್ದ. ನಾನು ಕೊಡಗಿನವಳು. ಕೈಲುಮುಹೂರ್ತದ ದಿನ ಕೋವಿಯ ನಳಿಗೆಗೆ ಹೂ ಸಿಕ್ಕಿಸಿ ಕೈಮುಗಿಯುವ ಮನೆಯಲ್ಲಿ ಬೆಳೆದವಳು. ಅಪ್ಪ ನನಗೆ ಸೈಕಲ್ ಕಲಿಸುವ ಮೊದಲೇ ಈಡು ಹೊಡೆಯುವುದನ್ನು ಕಲಿಸಿದ್ದರು. ಶೆಫೀಲ್ಡಿನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ ಕೆಲಸ ಕಾಯಂ ಆದಮೇಲೆ, ಪೊಲೀಸರ ಪರವಾನಗಿ ಪಡೆದು, ಹಳೆಯ ರೈಫಲ್ ಒಂದನ್ನು ಕೊಂಡಿದ್ದೆ. ಅದರ ಮೈ, ಇಲ್ಲಿಯವರು ಸ್ಟಾಕ್ ಅನ್ನುವ ಭಾಗ, ಅಕ್ರೋಟ್ ಮರದ್ದು. ಎಣ್ಣೆ ಒರೆಸಿದರೆ ಅದರ ಗೆರೆಗಳು ಹೊಳೆಯುತ್ತಿದ್ದವು. ಕೆನ್ನೆಗೆ ಆನಿಸಿದರೆ ಊರಿನ ವಾಸನೆ.

ಆದರೆ ಅದು ಆರಡಿ ಎತ್ತರದ ಗಂಡಸಿಗೆಂದು ಕೆತ್ತಿದ ಮೈ. ನನಗೆ ಉದ್ದವಾಗುತ್ತಿತ್ತು. ಹಿಂಬದಿ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತಿತ್ತು. ನಾನು ಕತ್ತು ಚಾಚಿ ದುರ್ಬೀನಿಗೆ ಕಣ್ಣು ಕೊಡಬೇಕಿತ್ತು. ಹುಬ್ಬು ಸೀಳಿದ್ದು ಅದಕ್ಕೇ.

ನನ್ನ ಗಂಡ ಬೆಂಗಳೂರಿನವನು, ಎಂಜಿನಿಯರ್. ಮೊಟ್ಟೆಯನ್ನೂ ಮುಟ್ಟದ ಮನೆಯ ಮಗ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ. ವಾರವಿಡೀ ಸೊಲಿಹಲ್‌ನಲ್ಲಿ ರೂಮು, ಶುಕ್ರವಾರ ಸಂಜೆ ಮನೆಗೆ. ನನ್ನ ಹೊಲಿಗೆಗಳನ್ನು ನೋಡಿದವನೇ ಕೋವಿಯನ್ನು ಹೊರಗೆ ತೆಗೆಸಿ, ಟೇಪು ಹಿಡಿದು ಅಳೆದ.

"ಇದನ್ನ ಚಾಸಿಗೆ ಹಾಕಿಸು ಕಣೇ," ಅಂದ.

"ಇದೇನು ಲಾರಿನಾ?"

"ಅದೇ ಲೆಕ್ಕ. ಮರದ ಮೈ ಬದಲು ಹಾಕೋಕೆ ಅಲ್ಯೂಮಿನಿಯಂ ಚಾಸಿ ಬರುತ್ತೆ. ಉದ್ದ ನಿನಗೆ ಬೇಕಾದಷ್ಟು ಮಾಡ್ಕೋಬಹುದು, ಕೆನ್ನೆ ಇಡೋ ಜಾಗ ಏರಿಸಬಹುದು. ಮೇಲಾಗಿ ಮರ ನೀರು ಕುಡಿಯುತ್ತೆ, ಉಬ್ಬುತ್ತೆ. ಲೋಹ ಉಬ್ಬಲ್ಲ."

"ಅಪ್ಪ ಜೀವಮಾನವೆಲ್ಲ ಮರದ ಕೋವೀಲೇ ಹೊಡೆದ್ರು. ಅವರ ಹುಬ್ಬು ಸೀಳಲಿಲ್ಲ."

"ಅವರ ಕೈ ಉದ್ದ ಇತ್ತು," ಅಂದ. ನಾನು ಹಿಂಬದಿಯ ರಬ್ಬರ್ ತೆಗೆಸಿ, ಮರವನ್ನು ಎರಡು ಬೆರಳಿನಷ್ಟು ಕೊಯ್ಯಿಸಿಕೊಂಡು ಅದರಲ್ಲೇ ಮುಂದುವರಿದೆ.

ಮುಂದಿನ ನವೆಂಬರ್ ಮಳೆ ಬಿಡಲಿಲ್ಲ. ಒಂದು ದಿನವಿಡೀ ಗುಡ್ಡದ ಮೇಲೆ ಕೋವಿಯೊಂದಿಗೆ ನೆನೆದಿದ್ದೆ. ಮರುದಿನ ಬೆಳಿಗ್ಗೆ ಮಳೆ ನಿಂತಾಗ ಹೆಣ್ಣು ಜಿಂಕೆಯೊಂದು ಹೊಲದಲ್ಲಿ ಒಂಟಿಯಾಗಿ ಅಡ್ಡ ನಿಂತಿತ್ತು. ದೂರ ಹೆಚ್ಚಿಲ್ಲ, ಗಾಳಿಯಿಲ್ಲ. ಮುಂಗಾಲಿನ ಹಿಂದೆ ಗುರಿಯಿಟ್ಟೆ. ಈಡು ಹೋದ ಮೇಲೆ ಕೇಳಿದ ಸದ್ದು ಬೇರೆಯೇ ಇತ್ತು, ಹಸಿ ಕೊಂಬೆ ಮುರಿದಂತೆ. ಗುಂಡು ಕೆಳಗೆ ಹೋಗಿ ಮುಂಗಾಲಿನ ಮೂಳೆಯನ್ನು ಪುಡಿಮಾಡಿತ್ತು.

ಅದು ಓಡಿತು. ಮುರಿದ ಕಾಲು ಚರ್ಮದಲ್ಲಿ ನೇತಾಡುತ್ತ, ಪ್ರತಿ ನೆಗೆತಕ್ಕೂ ಹೊಟ್ಟೆಗೆ ಬಡಿಯುತ್ತಿತ್ತು. ಹೊಲದ ಅಂಚಿನಲ್ಲಿ ಕಲ್ಲು ಪೇರಿಸಿದ ಗೋಡೆ. ಅದನ್ನು ಹಾರಲು ಹೋಗಿ ಎದೆ ಬಡಿದು ಬಿತ್ತು, ಮತ್ತೆ ಎದ್ದು ಹಾರಿತು, ಮತ್ತೆ ಬಿತ್ತು. ಇನ್ನೊಂದು ಈಡು ಹೊಡೆಯೋಣವೆಂದರೆ ಅಷ್ಟರಲ್ಲಿ ರೈತನ ನಾಯಿ ಅದರ ಗಂಟಲಿಗೆ ಬಿದ್ದಿತ್ತು. ಹಿಂದೆಯೇ ಅವನೂ ಓಡುತ್ತಿದ್ದ. ಕೋವಿ ಖಾಲಿ ಮಾಡಿ ಇಟ್ಟು ನಾನೂ ಓಡಿದೆ. ಹತ್ತಿರ ಹೋದಾಗ ಅದು ಮಾಡುತ್ತಿದ್ದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ರೈತ ಅದರ ತಲೆಯ ಮೇಲೆ ಮಂಡಿಯೂರಿ, "ಈಗ, ಈಗಲೇ," ಎಂದು ಕೂಗಿದ. ನಾನು ಚೂರಿಯನ್ನು ಎದೆಯ ಬುಡದಲ್ಲಿಟ್ಟು ಮೈಭಾರವನ್ನೆಲ್ಲ ಹಾಕಿದೆ. ಒಂದು ಗೊರಸು ನನ್ನ ಪಕ್ಕೆಗೆ ಅಪ್ಪಳಿಸಿತು. ರಕ್ತ ಮೊಣಕೈವರೆಗೆ ಬಂತು. ಸಾಯಲು ಅದು ತುಂಬ ಹೊತ್ತು ತೆಗೆದುಕೊಂಡಿತು, ಅಥವಾ ನನಗೆ ಹಾಗೆನಿಸಿತು. ನೋವು ಗೊತ್ತಾಗದಂತೆ ಜನರನ್ನು ಮಲಗಿಸುವುದು ನನ್ನ ದಿನನಿತ್ಯದ ಕೆಲಸ. ಆ ಕೈಗಳನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ ಅಲ್ಲೇ ಕೂತಿದ್ದೆ.

ಶನಿವಾರ ಗಂಡ ಕೋವಿಯನ್ನು ನೋಡಿದ. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಲು ಹೋದ. ಅರ್ಧಕ್ಕೆ ಸಿಕ್ಕಿಕೊಂಡಿತು.

"ನೋಡು. ಇಲ್ಲಿ ಸಂದು ಇರ್ಬೇಕಿತ್ತು. ಮರ ಉಬ್ಬಿ ನಳಿಗೇನ ಒತ್ತಿ ಗುಂಡಿನ ದಾರಿ ಕೆಡಿಸ್ತಾ ಇದೆ. ನಿನ್ನ ಗುರಿ ತಪ್ಪಿರ್ಲಿಲ್ಲ, ಕೋವೀದೇ ತಪ್ಪಿತ್ತು."

ಗುರಿ ಹೊಡೆಯುವ ಮೈದಾನಕ್ಕೆ ಹೋಗಿ ಪರೀಕ್ಷಿಸಿದೆವು. ಗುಂಡುಗಳೆಲ್ಲ ಒಂದು ಗೇಣು ಕೆಳಗೆ ಬಿದ್ದವು. ನಾನು ಚಾಸಿ ತರಿಸಿದೆ.

ಒಂದು ಸೋಮವಾರ ರಜೆ ಹಾಕಿ, ಊಟದ ಮೇಜಿನ ಮೇಲೆ ಅವನೇ ಅದನ್ನು ಜೋಡಿಸಿದ. ಪರವಾನಗಿ ನನ್ನದಾದ್ದರಿಂದ ನಾನು ಪಕ್ಕದಲ್ಲೇ ಕೂತಿದ್ದೆ. ಕಪ್ಪು ಲೋಹ, ಚೌಕ ಚೌಕ, ತೂತುಗಳು, ತಿರುಪುಗಳು, ಕೈಗೆ ಪಿಸ್ತೂಲಿನಂಥ ಹಿಡಿ. ಶಾಲೆಯಿಂದ ಬಂದ ಮಗಳು ಬ್ಯಾಗು ಇಳಿಸದೆ ನಿಂತು ನೋಡಿ, "ಅಮ್ಮಾ, ದಟ್ಸ್ ನಾಟ್ ಫಾರ್ ಡಿಯರ್, ಜಿಂಕೆಗಲ್ಲ ಇದು," ಅಂದು ಮಹಡಿ ಹತ್ತಿದಳು.

ಅದೇ ವಾರ, ನನ್ನ ತುರ್ತು ಪಾಳಿಯ ದಿನ, ಮಧ್ಯಾಹ್ನ ಥಿಯೇಟರಿಗೆ ಒಬ್ಬ ಹುಡುಗನನ್ನು ತಂದರು. ಕಾರಿನಲ್ಲಿ ಕೂತಿದ್ದವನಿಗೆ ಯಾರೋ ಗುಂಡು ಹೊಡೆದಿದ್ದರು. ಸರ್ಜನ್ ಹೊಟ್ಟೆ ತೆರೆದದ್ದೇ ರಕ್ತ ಮೇಜಿನಿಂದ ಇಳಿದು ನನ್ನ ಬೂಟಿನ ಸುತ್ತ ನಿಂತಿತು. ನಾನು ರಕ್ತದ ಚೀಲಗಳನ್ನು ಎರಡೂ ಕೈಯಲ್ಲಿ ಹಿಂಡಿ ಹಿಂಡಿ ಏರಿಸಿದೆ. ಎಷ್ಟು ಏರಿಸಿದರೂ ಅಷ್ಟೂ ಹೊರಗೆ. ಸರ್ಜನ್ ಕೊನೆಗೆ ಕೈ ಹೊರಗೆ ತೆಗೆದು ನನ್ನ ಕಡೆ ನೋಡಿದ. ನಾನು ಉಸಿರಾಟದ ಯಂತ್ರ ನಿಲ್ಲಿಸಿದೆ. ಹುಡುಗನ ಗಡ್ಡ ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಆಮೇಲೆ ಕೋವಿಯ ಕಬ್ಬಿಣದ ಕಪಾಟನ್ನು ತೆರೆದಾಗಲೆಲ್ಲ ಆ ಕಪ್ಪು ವಸ್ತುವನ್ನು ಮುಟ್ಟಲು ಕೈ ಹಿಂಜರಿಯುತ್ತಿತ್ತು. ಶುಕ್ರವಾರ ಅಡುಗೆಮನೆಯಲ್ಲಿ ಗಂಡನಿಗೆ ಹೇಳಿದೆ.

"ಅದನ್ನ ಬಿಚ್ಚು. ಮರದ್ದೇ ವಾಪಸ್ ಹಾಕು."

"ಯಾಕೆ?"

"ನೋಡಿದ್ರೆ ಆ ಹುಡುಗ ಕಣ್ಮುಂದೆ ಬರ್ತಾನೆ."

"ಅವನಿಗೆ ಹೊಡೆದದ್ದು ಇದಲ್ಲ."

"ಗೊತ್ತು. ಆದ್ರೂ ಇದು ಮನುಷ್ಯರನ್ನ ಹೊಡೆಯೋ ಕೋವಿ ತರ ಇದೆ."

ಅವನು ಕಾಫಿ ಲೋಟ ಕೆಳಗಿಟ್ಟ. "ಆ ಜಿಂಕೇನ ಕೇಳು, ಅದಕ್ಕೆ ಯಾವುದು ಬೇಕಿತ್ತು ಅಂತ. ನಿನ್ನ ಕೋವಿ ಚಂದ ಕಾಣ್ಬೇಕಾ, ಅದು ಬೇಗ ಸಾಯ್ಬೇಕಾ? ಎರಡರಲ್ಲಿ ಒಂದು ಹೇಳು."

ಕೈಯಲ್ಲಿದ್ದ ಸೌಟನ್ನು ಗೋಡೆಗೆ ಬೀಸಿ ಎಸೆದೆ. ಅವನ ಕಿವಿಯ ಪಕ್ಕದಲ್ಲೇ ಹೋಗಿ ಬಡಿದು, ಸಾರು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. "ಒಂದು ಸಲನಾದ್ರೂ ಬಂದು ನೋಡಿದ್ದೀಯಾ ಸಾಯೋದು ಹೇಗಿರುತ್ತೆ ಅಂತ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಅಂಗಿ ಒರೆಸಿಕೊಂಡು, "ಬರ್ತೀನಿ," ಅಂದ.

ಬಂದದ್ದು ಫೆಬ್ರವರಿಯಲ್ಲಿ. ನೆಲ ಹೆಪ್ಪುಗಟ್ಟಿತ್ತು. ಗೋಡೆಯ ಹಿಂದೆ ನಾನು, ನನ್ನ ಹಿಂದೆ ಅವನು, ಅವನ ಪಕ್ಕದಲ್ಲಿ ರೈತ. ಲೋಹದ ಮೈಗೆ ಕೆನ್ನೆಯಿಟ್ಟರೆ ಮಂಜುಗಡ್ಡೆ ಒತ್ತಿದಂತೆ. ಚರ್ಮ ಅಂಟಿಕೊಳ್ಳುತ್ತದೇನೋ ಅನ್ನಿಸಿತು. ಆದರೆ ಕೋವಿ ಭುಜಕ್ಕೆ ಸರಿಯಾಗಿ ಕೂತಿತ್ತು, ಕಣ್ಣು ತಾನಾಗಿ ದುರ್ಬೀನಿನ ನಡುವೆ ಹೋಗಿ ನಿಂತಿತು. ಹಿಂಡಿನ ಅಂಚಿನಲ್ಲಿದ್ದ ಹೆಣ್ಣಿಗೆ ಹೊಡೆದೆ. ಅದು ನಿಂತಲ್ಲೇ ಕುಸಿಯಿತು. ಉಳಿದವು ಎಲ್ಲಿಗೆ ಓಡಬೇಕೆಂದು ತಿಳಿಯದೆ ಒಂದು ಕ್ಷಣ ಅಲ್ಲೇ ನಿಂತಿದ್ದವು.

"ಮುಗೀತಾ?" ಗಂಡ ಪಿಸುದನಿಯಲ್ಲಿ ಕೇಳಿದ.

"ಮುಗೀತು."

ಹತ್ತಿರ ಹೋದಾಗ ಅದರ ಬಾಯಲ್ಲಿ ಅಗಿಯುತ್ತಿದ್ದ ಎಲೆ ಇನ್ನೂ ಇತ್ತು. ನಾನು ಹೊಟ್ಟೆ ಸೀಳಿದೆ. ಚಳಿಗೆ ಆವಿ ಎದ್ದು ಮೂವರ ಮುಖಕ್ಕೂ ಬಡಿಯಿತು. ಕರುಳಿನ ಜೊತೆ ಗರ್ಭಚೀಲವೂ ಜಾರಿ ಬಂತು. ಒಳಗೆ ಮರಿ, ಮೊಲದಷ್ಟು ದೊಡ್ಡದು, ಗೊರಸುಗಳು ಇನ್ನೂ ಮೆತ್ತಗೆ.

"ಫೆಬ್ರವರಿ ಅಲ್ವಾ," ಅಂದ ರೈತ. "ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತೆ."

ಗಂಡ ನನ್ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಗೋಡೆಯ ಬಳಿ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ವಾಪಸು ಬಂದು, ಯಾರೂ ಹೇಳದೆ, ಜಿಂಕೆಯ ಹಿಂಗಾಲುಗಳನ್ನು ಹಿಡಿದ. ಮೂವರೂ ಸೇರಿ ಗಾಡಿಯವರೆಗೆ ಎಳೆದೆವು. ಅವನ ಕೋಟಿನ ತೋಳು ರಕ್ತದಲ್ಲಿ ನೆನೆದು ಗಟ್ಟಿಯಾಯಿತು. ಮನೆಗೆ ಬರುವಾಗ ಕಾರು ನಾನೇ ಓಡಿಸಿದೆ. ಊರು ಹತ್ತಿರವಾದಾಗ ಅವನು ಕಿಟಕಿಯ ಕಡೆ ನೋಡುತ್ತಲೇ, "ಬೇಗ ಸತ್ತಿತು. ಅದಂತೂ ನಿಜ," ಅಂದ. ಮನೆಯ ಮುಂದೆ ಕಾರು ನಿಂತಾಗ, "ನಾನು ಇನ್ನು ಬರಲ್ಲ. ನೀನು ಹೋಗು," ಅಂದ.

ನಾನು ಹೋದೆ, ಇನ್ನೂ ಹಲವು ಚಳಿಗಾಲ, ಅದೇ ಕಪ್ಪು ಕೋವಿಯಲ್ಲಿ. ಅದನ್ನು ಚಂದವೆಂದು ಎಂದೂ ಅನ್ನಲಿಲ್ಲ. ಅವನೂ ಬೇಟೆಯ ಸುದ್ದಿ ಎತ್ತಲಿಲ್ಲ. ಆದರೆ ಆ ಫೆಬ್ರವರಿಯ ಬೇಟೆಯಾದ ಮುಂದಿನ ಶನಿವಾರವೇ ನಾನು ಆಸ್ಪತ್ರೆಯಿಂದ ಬಂದಾಗ ಮೇಜಿನ ಮೇಲೆ ಕತ್ತರಿ, ಗೋಂದು, ದಪ್ಪ ಉಣ್ಣೆಬಟ್ಟೆಯ ತುಂಡು ಇದ್ದವು. "ಕಪಾಟು ತೆಗಿ," ಅಂದ. ಲೋಹದ ಮೇಲೆ ನನ್ನ ಕೆನ್ನೆ ಎಲ್ಲಿ ಬೀಳುತ್ತದೆಂದು ನನ್ನಿಂದಲೇ ಗುರುತು ಹಾಕಿಸಿಕೊಂಡು, ಬಟ್ಟೆಯನ್ನು ಅಲ್ಲಿಗೆ ಅಂಟಿಸಿ, ಗೋಂದು ಒಣಗುವವರೆಗೂ ಹೆಬ್ಬೆರಳಿನಿಂದ ಒತ್ತಿಹಿಡಿದು ಕೂತಿದ್ದ.