ಅವ್ವನ ದನಿ ಇದ್ದ ದೊಡ್ಡ ಫೈಲು

ಅವರ ಎಡಗಿವಿಯಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಬಲಗಿವಿಗೆ ಸ್ಪಂಜು ಕಿತ್ತುಹೋದ ಹೆಡ್‌ಫೋನು ಒತ್ತಿಕೊಂಡು, ಕಣ್ಣು ಮುಚ್ಚಿ, ಗಿರಾಕಿಗಳಿಗೆ ಸುಮ್ಮನಿರಿ ಎಂದು ಅಂಗೈ ತೋರಿಸುತ್ತಿದ್ದರು. ಹುಮನಾಬಾದಿನ ಬಸ್ ನಿಲ್ದಾಣದ ಎದುರು ಮೊಬೈಲಿಗೆ ಹಾಡು ತುಂಬಿಸಿಕೊಡುವ ಅಂಗಡಿ ಅವರದು. ಒಂದೇ ಕಿವಿ ಕೇಳುವವರಿಗೆ ಇಷ್ಟು ಠೀವಿಯೇ ಎಂದು ಜನ ನಗುತ್ತಿದ್ದರು. "ಇದೇ ಕಾರ್ಡಿನಾಗ ಐನೂರು ಹಾಡು ಹಾಕ್ರಿ" ಅಂದವರಿಗೆ, "ಹಾಕ್ತೀನ್ರಿ, ಆದ್ರ ಅಷ್ಟು ಸಣ್ಣದು ಮಾಡಿದ್ರ ಕೇಳೂ ಹಂಗ ಏನೂ ಉಳಿಯಂಗಿಲ್ಲ" ಎಂದು ಮುಖ ಸಿಂಡರಿಸುತ್ತಿದ್ದರು.

ಅವ್ವ ತೀರಿಕೊಂಡ ವರ್ಷ ನಾನು ಬಸವಕಲ್ಯಾಣದಿಂದ ಅವರಲ್ಲಿಗೆ, ಕಂಪ್ಯೂಟರಿಗೆ ಇಳಿಸಿಕೊಳ್ಳಲು, ಒಂದು ಕ್ಯಾಸೆಟ್ಟು ಒಯ್ದೆ. ಅವ್ವ ಹಾಡಿದ ಜೋಗುಳಗಳು ಉಳಿದದ್ದು ಅದೊಂದರಲ್ಲೇ. ರೀಲು ಎರಡು ಸಲ ಸಿಕ್ಕಿಕೊಂಡು ಸುಕ್ಕಾಗಿತ್ತು. "ಒಂದೇ ಸಲ ಓಡಿಸ್ತೀನ್ರಿ ಅಕ್ಕಾರ, ಮತ್ತ ಭರೋಸಾ ಇಲ್ಲ" ಅಂದರು. ಅರ್ಧ ತಾಸು ತಿರುಗುವ ರೀಲನ್ನೇ ನೋಡುತ್ತ ಕೂತೆ. ಕೊನೆಯ ಹಾಡು ಮುಗಿಯುತ್ತಲೇ ರೀಲು ಕಡಿಯಿತು. ಅವರು ಹೆಡ್‌ಫೋನು ತೆಗೆದು, "ಎಲ್ಲಾ ಬಂದದ್ರಿ. ಅವ್ವಾರು ಉಸಿರು ಎಳಕೊಂಡದ್ದು ಸೈತ ಕೇಳಸ್ತದ. ಫೈಲು ದೊಡ್ಡದದ, ಸಣ್ಣದು ಮಾಡಬ್ಯಾಡ್ರಿ" ಎಂದು ಪೆನ್‌ಡ್ರೈವ್ ಕೊಟ್ಟರು.

ನಾನು ಮಾಡಿದ್ದೇ ಅದು. ಮಂಠಾಳದಲ್ಲಿದ್ದ ಅಕ್ಕನ ಮೊಬೈಲಿನಲ್ಲಿ ಅಷ್ಟು ದೊಡ್ಡ ಫೈಲು ಹಿಡಿಸುತ್ತಿರಲಿಲ್ಲ. ನಮ್ಮ ಬಸವಕಲ್ಯಾಣದ ಒಂದು ಅಂಗಡಿಯಲ್ಲಿ ಅದನ್ನು ಎಂಪಿತ್ರೀ ಮಾಡಿಸಿ, ಆದಷ್ಟು ಸಣ್ಣದಾಗಿಸಿ, ದೊಡ್ಡದನ್ನು ಅಳಿಸಿಬಿಟ್ಟೆ. ಅಕ್ಕ ಕೇಳಿ, "ಅವ್ವ ಬಾವ್ಯಾಗ ಕುಂತು ಹಾಡಿದಂಗ ಕೇಳಸ್ತದಲ್ಲೇ" ಅಂದಳು. ಉಸಿರಿನ ಸದ್ದು ಇರಲೇ ಇಲ್ಲ. ಅದೇ ಅಂಗಡಿಗೆ ಓಡಿ, ಮತ್ತೆ ದೊಡ್ಡದು ಮಾಡಿಸಿದೆ. ಫೈಲು ಮೊದಲಿನಷ್ಟೇ ಆಯಿತು, ದನಿ ಮಾತ್ರ ಬಾವಿಯಲ್ಲೇ ಇತ್ತು.

ಹುಮನಾಬಾದಿನ ಬಸ್ಸು ಹತ್ತಿದೆ. ಎಂಟು ದಿನವಾದ ಮೇಲೆ ಗಿರಾಕಿಗಳ ಫೈಲು ಅಳಿಸಲಾಗುವುದು ಎಂದು ಅವರ ಅಂಗಡಿಯಲ್ಲಿ ಬರೆದು ಅಂಟಿಸಿದ್ದರು. ಆಗಲೇ ಇಪ್ಪತ್ತು ದಿನ ಕಳೆದಿತ್ತು. ಅವ್ವನನ್ನು ನನ್ನ ಕೈಯಾರೆ ಇನ್ನೊಮ್ಮೆ ಕಳೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ಹೆದರಿಕೆ.

ಅವರು ಕೇಳಿ ನೋಡಿ ಹೆಡ್‌ಫೋನು ಕೆಳಗಿಟ್ಟರು. "ಬೆಣ್ಣಿ ಚೆಲ್ಲೀರಿ. ಈಗ ಉಳಿದ ಮಜ್ಜಿಗಿಗಿ ನೀರು ಹಾಕಿ ಗಡಿಗಿ ತುಂಬಸೀರಿ. ಬೆಣ್ಣಿ ಎಲ್ಲಿಂದ ಬರಬೇಕ್ರಿ?"

"ನಿಮ್ಮ ಕಂಪ್ಯೂಟರಿನಾಗ ಇರಬೇಕಲ್ರಿ?" ಅಂದೆ.

"ಅದರಾಗ ಅಳಿಸೀನ್ರಿ."

ಅವರು ಡ್ರಾವರು ಎಳೆದರು. ಒಳಗೆ ಸಾಲಾಗಿ ಸೀಡಿಗಳು, ಮೇಲೆ ಅವರದೇ ಅಕ್ಷರ: 'ತಾಯಿ, ಬೇಮಳಖೇಡ', 'ತಂದಿ, ಚಿಟಗುಪ್ಪ'. ನನ್ನದನ್ನು ಹುಡುಕಿ ಕೈಗಿಟ್ಟು, "ಸಿನಿಮಾ ಹಾಡು ಎಲ್ಲಿ ಬೇಕಲ್ಲಿ ಸಿಗ್ತಾವ. ಇವು ಮತ್ತ ಎಲ್ಲಿ ಸಿಗಬೇಕ್ರಿ?" ಅಂದರು. ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಕೆಲವು ವರ್ಷಗಳ ಮೇಲೆ ಅವರು ಎದೆನೋವಿನಿಂದ ತೀರಿಕೊಂಡರು. ಮಾತಾಡಿಸಿ ಬರಲು ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಊರ ಮಂದಿ ದನಿ ಎಲ್ಲಾ ತೆಗದಿಟ್ಟಾರ್ರಿ. ಅವರ ದನಿ ನಿಮ್ಮ ಕಡಿ ಏನರ ಅದನ್ರಿ ಅಕ್ಕಾರ?"

ಇರಲಿಲ್ಲ. ಆಮೇಲೂ ಎಷ್ಟೋ ಸಲ ಅವರೆದುರು ಕೂತಿದ್ದೆ, ಮೊಬೈಲು ಕೈಯಲ್ಲೇ ಇರುತ್ತಿತ್ತು, ಅವರ ದನಿ ತುಂಬಿಟ್ಟುಕೊಳ್ಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.