ಇಳಕಲ್ಲಿನ ಮನೆಯ ಕಡಲ ಹೂ

ಕಳೆದ ವಾರ ಬಾದಾಮಿಯ ನಮ್ಮ ಮನೆಯ ಕೂಲರ್ ಕೆಟ್ಟಿತ್ತು. ರಿಪೇರಿಗೆ ಬಂದವನು ತಳದಲ್ಲಿದ್ದ ಪುಟ್ಟ ಪಂಪನ್ನು ಹೊರಗೆಳೆದು, ಅದರ ಬಾಯಿಗೆ ಸುತ್ತಿದ್ದ ಕರಿ ಸ್ಪಂಜನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಲೋಳೆಗಟ್ಟಿ ಹಳಸು ನೀರಿನ ವಾಸನೆ ಹೊಡೆಯುತ್ತಿತ್ತು. "ತೊಳಕೊಂಡು ಬರ್ರಿ ಅಕ್ಕಾರ" ಅಂದ. ನಲ್ಲಿಯ ಕೆಳಗೆ ಅದನ್ನು ಹಿಂಡುತ್ತ ನಿಂತವಳು ಹಾಗೇ ನಿಂತುಬಿಟ್ಟೆ...

ನನ್ನ ಮೊದಲ ನೌಕರಿ ಹುನಗುಂದದಲ್ಲಿ. ಇಳಕಲ್ಲಿನಲ್ಲಿ ಒಂದು ಮಹಡಿ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೆಳಗಿನ ಮನೆಯಲ್ಲಿ ಮಾಲಕರು, ನಿವೃತ್ತ ವಿಜ್ಞಾನ ಶಿಕ್ಷಕರು. ಓಣಿಗೆಲ್ಲ ಅವರು ಸರ್, ನನಗೂ ಸರ್. ಅವರ ಹೆಂಡತಿಯನ್ನು ನಾನು ಅಮ್ಮಾರು ಎನ್ನುತ್ತಿದ್ದೆ. ನಿವೃತ್ತಿಯಾದ ಮೇಲೆ ಹೆಂಡತಿಗೆ ಸಮುದ್ರ ತೋರಿಸಬೇಕೆಂದು ಸರ್ ಕಾದಿದ್ದರಂತೆ. ನಿವೃತ್ತಿಯಾದ ತಿಂಗಳೇ ಅಮ್ಮಾರಿಗೆ ಲಕ್ವಾ ಹೊಡೆಯಿತು. ಬಲಮೈ ಬಿದ್ದುಹೋಯಿತು. ಮಾತು ತೊದಲಾಗಿ, ಸರ್‌ಗೆ ಮಾತ್ರ ತಿಳಿಯುವಂತಾಯಿತು.

ಆಗ ಸರ್ ಸಮುದ್ರವನ್ನೇ ಮನೆಗೆ ತಂದರು. ಮಂಚದ ಎದುರಿಗೆ ಗಾಜಿನ ತೊಟ್ಟಿ, ಅಳತೆ ನೋಡಿ ಕಲಸಿದ ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಕಲ್ಲಿನ ಮೇಲೆ ಅಂಗೈ ಅಗಲದ ಒಂದು ಕಡಲ ಹೂ. ಅದರ ಎಸಳು ನೀರಿನಲ್ಲಿ ತೂಗುವುದನ್ನು ಮೊದಲ ದಿನ ನಾನು ಬಾಯಿ ತೆರೆದುಕೊಂಡು ನೋಡಿದ್ದೆ.

"ಇದು ಹೂ ಅಲ್ಲ ತಂಗಿ, ಜೀವ" ಅಂದರು ಸರ್. "ಬ್ಯಾಸರಾತಂದ್ರ ಎದ್ದು ನಡಕೋತ ಹೊಂಟುಬಿಡ್ತೈತಿ. ಪಂಪಿನ ಬಾಯಿಗೆ ಹೋತಂದ್ರ ಮುಗೀತು."

ಅದಕ್ಕೇ ನೀರು ತಿರುಗಿಸುವ ಪಂಪಿನ ಬಾಯಿಗೆ ಸ್ಪಂಜು ಕಟ್ಟಿದ್ದರು. ನೀರು ಬೆಚ್ಚಗಿಡುವ ಹೀಟರಿಗೆ ತೂತು ಕೊರೆದ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದರು. ಉಳಿದ ಕಾವಲು ಅಮ್ಮಾರದು. ಮದುವೆಗೆ ಮುಂಚೆ ತವರಿನ ಮಗ್ಗದಲ್ಲಿ ಸೀರೆ ನೇಯ್ದವರು, ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು. ಹೂ ಕಲ್ಲಿನಿಂದ ಒಂದು ಬೆರಳು ಸರಿದರೂ ಎಡಗೈಯ ಚಮಚದಿಂದ ಸ್ಟೀಲ್ ಲೋಟ ಬಾರಿಸುತ್ತಿದ್ದರು. ಸರ್ ಎಲ್ಲಿದ್ದರೂ ಓಡಿಬಂದು ಮೊದಲು ಪಂಪ್ ಬಂದ್ ಮಾಡುತ್ತಿದ್ದರು. ಕೈಯಿಂದ ಎಳೆಯುತ್ತಿರಲಿಲ್ಲ, ಎಳೆದರೆ ಅಂಟಿಕೊಂಡ ಅದರ ಪಾದ ಹರಿಯುತ್ತದೆ. ತಾನಾಗಿ ಹಿಂದಿರುಗುವವರೆಗೆ ಇಬ್ಬರೂ ಸುಮ್ಮನೆ ಕಾಯುತ್ತಿದ್ದರು. ಸಂಜೆ ಕಚೇರಿಯಿಂದ ಬಂದು, ಅಮ್ಮಾರ ಮಂಚದ ಪಕ್ಕ ಕೂತು ಚಹಾ ಕುಡಿಯುತ್ತ ನಾನೂ ಕಾದದ್ದುಂಟು.

ಎರಡನೆಯ ವರ್ಷ ಅಮ್ಮಾರಿಗೆ ಎದೆಯಲ್ಲಿ ಕಫ ಕಟ್ಟಿ ಬಾಗಲಕೋಟೆಯ ದವಾಖಾನೆಗೆ ಸೇರಿಸಬೇಕಾಯಿತು. ಹೊರಡುವಾಗ ಸರ್ ಕೀಲಿ ಕೊಟ್ಟು ಹೇಳಿದರು, "ಮೂರು ದಿನಕ್ಕೊಮ್ಮೆ ಸ್ಪಂಜು ತೊಳಿ ತಂಗಿ. ಮೊದಲಿಗೆ ಪಂಪಿನ ಬಟನ್ ಬಂದ್ ಮಾಡು. ತಿರುಗಿ ಸ್ಪಂಜು ಹಾಕೂತನಕ ಬಟನ್ ಮುಟ್ಟಬ್ಯಾಡ."

ಆರನೆಯ ದಿನ ಬೆಳಿಗ್ಗೆ ಸ್ಪಂಜು ತೊಳೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು. ಬಟನ್ ಒತ್ತಿ, ಕೀಲಿ ಹಾಕಿ ಓಡಿದೆ.

ಸಂಜೆ ಬಾಗಿಲು ತೆರೆದಾಗ ನಾತ ಮುಖಕ್ಕೆ ಬಡಿಯಿತು. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಒಂದು ಮೀನು ತೇಲುತ್ತಿತ್ತು. ಪಂಪು ಗುರ್ ಎನ್ನುತ್ತಲೇ ಇತ್ತು, ಅದರ ಬಾಯಿಯಿಂದ ಎಸಳಿನ ಚೂರುಗಳು ಜೋತಾಡುತ್ತಿದ್ದವು.

ಅಳುತ್ತಲೇ ಫೋನ್ ಮಾಡಿದೆ. ಸರ್, "ಬಟನ್ ಬಂದ್ ಮಾಡಿದಿ? ಬರಿಗೈ ಹಾಕಿ ತಗದಿಯೇನು? ಅದರ ಎಸಳು ಕೈಗೆ ಚುಚ್ಚಿಲ್ಲಲ್ಲ?" ಅಂದರು. ಅಷ್ಟೇ. ಒಂದು ಬೈಗುಳವೂ ಇಲ್ಲ.

ಮರುದಿನ ಅವರೇ ಬಂದು ನೀರು ಬದಲಿಸಿ, ಉಳಿದ ಒಂದು ಮೀನನ್ನು ಉಳಿಸಿಕೊಂಡರು. "ಹೊಸಾದು ತರಸೋಣ್ರಿ ಸರ್" ಅಂದೆ. "ಆಕಿ ಕಣ್ಣು ಗುರ್ತ ಹಿಡಿತಾವು" ಅಂದರು. ಅಮ್ಮಾರು ಮನೆಗೆ ಬಂದ ದಿನ ತೊಟ್ಟಿಯನ್ನೇ ನೋಡಿದರು. "ಕಲ್ಲಿನ ಹಿಂದ ಹೋಗಿ ಕುಂತೈತಿ, ಬರ್ತೈತಿ ತಡಿ" ಎಂದು ಸರ್ ಹೇಳಿದರು. ಬಾಗಿಲಲ್ಲಿ ನಿಂತಿದ್ದ ನಾನು ತಲೆ ತಗ್ಗಿಸಿದೆ.

ಆಮೇಲೆ ಆ ಕೋಣೆಯಲ್ಲಿ ಲೋಟದ ಸದ್ದು ಕೇಳಲಿಲ್ಲ. ಆ ಮಂಚದ ಪಕ್ಕ ಕೂಡುವ ಧೈರ್ಯ ನನಗಾಗಲಿಲ್ಲ. ಸಂಜೆ ಹೊರಗಿನ ಮೆಟ್ಟಿಲು ಹತ್ತಿ ನೇರ ಕೋಣೆ ಸೇರುತ್ತಿದ್ದೆ. ಸರ್ ಕೆಳಗಿನಿಂದ "ಚಹಾ ಆಗೇತಿ ಬಾ ತಂಗಿ" ಎಂದು ಕೂಗಿದರೆ ತಲೆನೋವು ಅನ್ನುತ್ತಿದ್ದೆ. ನಾಲ್ಕು ತಿಂಗಳಿಗೆ ಅಮ್ಮಾರು ತೀರಿಕೊಂಡರು. ನನಗೆ ಬಾದಾಮಿಗೆ ವರ್ಗವಾಯಿತು.

ಎಷ್ಟೋ ವರ್ಷದ ಮೇಲೆ ಒಮ್ಮೆ ಸರ್ ಅವರನ್ನು ನೋಡಲು ಹೋಗಿದ್ದೆ. ತೊಟ್ಟಿ ಇರಲಿಲ್ಲ. ಗೋಡೆಗೆ ಉಪ್ಪಿನ ಬಿಳಿ ಕಲೆ ಮಾತ್ರ ಉಳಿದಿತ್ತು. ಹೊರಡುವಾಗ, ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ, "ಅಮ್ಮಾರ ಮುಂದ ನೀವು ಸುಳ್ಳ ಹೇಳೂಹಂಗ ಮಾಡಿದ್ನಿರಿ ಸರ್ ನಾ."

ಅವರು ನಕ್ಕಂತೆ ಮಾಡಿದರು. "ಆಕಿಗೆ ಬಂದ ದಿನಾನ ಗೊತ್ತಾಗಿತ್ತು. 'ನಂಗ ಗೊತ್ತಾಗೇತಂತ ಆ ಹುಡುಗಿಗೆ ಹೇಳಬ್ಯಾಡ್ರಿ, ನಾಚಿಕೊಂಡು ಕೆಳಗ ಬರೂದ ಬಿಟ್ಟಾಳು' ಅಂದಿದ್ಲು."

ಹೋದ ವರ್ಷ ಸರ್ ಕೂಡ ಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೂ ಹೋಗಲಾಗಲಿಲ್ಲ. ಹೂ ಸತ್ತದ್ದಕ್ಕೆ ನನ್ನನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ, ಅದು ಕೈತಪ್ಪು. ಆ ನಾಲ್ಕು ತಿಂಗಳು ಕೈತಪ್ಪಲ್ಲ. ಹನ್ನೆರಡು ಮೆಟ್ಟಿಲು ಇಳಿದರೆ ಅಮ್ಮಾರು ಇದ್ದರು... ನಾನು ಇಳಿಯಲಿಲ್ಲ.