ನಡುಗಡ್ಡೆಯ ಮುಳ್ಳುಕಂಟಿ

ತಾಡಪಾಲಿನ ಹಸನಸಾಬರು ಹೋದ ಶುಕ್ರವಾರ ತೀರಿಕೊಂಡರು. ಎದೆನೋವು. ಕೆಂಚನಗುಡ್ಡದ ಎದುರು, ತುಂಗಭದ್ರೆಯ ನಡುಗಡ್ಡೆಯ ಮೇಲೆ ಕಾಣಿಸಿಕೊಂಡಿತು. ಹೊಳೆ ದಾಟಿಸಿ ಸಿರುಗುಪ್ಪದ ದವಾಖಾನೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆ ಸಿರುಗುಪ್ಪದಲ್ಲಿ, ಅಂಗಡಿ ಬಳ್ಳಾರಿಯಲ್ಲಿ. ಅದಿರು ಲಾರಿಗಳಿಗೆ ಹೊದಿಸುವ ತಾಡಪಾಲು ಹೊಲಿಯುವುದು ಅವರ ಕಸುಬು. ಅದಿರಿಗೆ ಚಿನ್ನದ ಬೆಲೆ ಬಂದ ಈ ವರ್ಷಗಳಲ್ಲಿ ಅವರ ದಬ್ಬಣಕ್ಕೆ ಬಿಡುವೇ ಇರಲಿಲ್ಲ. ಆದರೆ ಅವರಷ್ಟು ಅಂಜುವ ಮನುಷ್ಯ ಹುಡುಕಿದರೂ ಸಿಗಲಾರ. ಗುಡುಗಿಗೆ ಅಂಜುವರು, ನಾಯಿಗೆ ಅಂಜುವರು, ದಬ್ಬಣ ಹಿಡಿದೇ ಬದುಕಿದವರು ದವಾಖಾನೆಯ ಸೂಜಿಗೆ ಅಂಜುವರು. ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ತಾವೇ ಹೊದಿಕೆ ಹೊಲಿದು ಕಳಿಸಿದ ಆ ಲಾರಿಗಳಿಗೆ. ಕೊಳಗಲ್ಲಿನ ಹತ್ತಿರ ಒಂದು ಲಾರಿ ಅವರ ಸೈಕಲ್ಲನ್ನು ಅಪ್ಪಚ್ಚಿ ಮಾಡಿ ಹೋಗಿತ್ತು. ತಾವು ತಗ್ಗಿಗೆ ಹಾರಿ ಉಳಿದುಕೊಂಡಿದ್ದರು.

ಮಗಳು ಸುಮೈರಾಳನ್ನು ಹೊಳೆಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಹೆರಿಗೆಗೆ ಸಿರುಗುಪ್ಪದ ತವರಿಗೆ ಕರೆತರಬೇಕು. ಸೇತುವೆಯ ಮೇಲೆ ಸುತ್ತಿ ಬರುವ ರಸ್ತೆಯನ್ನು ಲಾರಿಗಳು ಅಗೆದು ಹಾಕಿದ್ದವು. ಹೆಂಡತಿ ಕುಲ್ಸುಂಬೀ ಖಡಾಖಂಡಿತವಾಗಿ ಹೇಳಿದರು: “ಆ ರೋಡಿನಾಗ ತಂದ್ರ ಮಗಳು ದಾರ್ಯಾಗ ಹಡಿತಾಳ. ಏನರ ಮಾಡ್ರಿ. ಅಂಜಿಕೊಂತ ಕುಂದರಬ್ಯಾಡ್ರಿ.”

ಆಗ ನೆನಪಾದದ್ದು ಹರಿಗೋಲಿನ ಹಳೆಯ ದಾರಿ. ಸೇತುವೆ ಆಗುವ ಮೊದಲು ಜನ ಹೊಳೆಯ ಒಂದು ಕವಲು ದಾಟಿ ನಡುಗಡ್ಡೆಗೆ ಇಳಿಯುತ್ತಿದ್ದರು. ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ಬಂಡೆಗಳ ಸಂದಿಯಲ್ಲಿ ನಡೆದು, ಇನ್ನೊಂದು ಕವಲಿಗೆ ಇಳಿಸುತ್ತಿದ್ದರು. ಈಗ ಆ ಸಂದಿಯನ್ನು ಬಳ್ಳಾರಿ ಜಾಲಿ ನುಂಗಿ ಕೂತಿತ್ತು.

ಹಸನಸಾಬರು ಕುಡುಗೋಲು ಹಿಡಿದರು. ಜೊತೆಗೆ ಬಂದವನು ಸತ್ಯನಾರಾಯಣಪೇಟೆಯ ಜಯತೀರ್ಥ. ಕುರುಗೋಡಿನ ಶಾಲೆಯ ಮೇಷ್ಟ್ರು, ದಿನವೂ ತಾಡಪಾಲು ಅಂಗಡಿಯ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕಾಯುತ್ತ ಗೆಳೆಯನಾದವನು. ಹಸನಸಾಬರು ಅವನನ್ನು ಕರೆಯುತ್ತಿದ್ದದ್ದು ‘ಆಚಾರ್ರೇ’ ಎಂದು. ದಂಡೆಯ ಮೇಲಿದ್ದ ಅಂಬಿಗರ ಪಕ್ಕೀರಮ್ಮ ಮೂಲೆಗೆ ಬಿದ್ದಿದ್ದ ಹರಿಗೋಲಿನ ಬಿದಿರು ಬುಟ್ಟಿ ಕೊಟ್ಟು, ಹುಟ್ಟು ಹಾಕುವುದನ್ನೂ ಕಲಿಸಿದಳು. ಹಸನಸಾಬರು ಬುಟ್ಟಿಗೆ ಹಳೆಯ ತಾಡಪಾಲು ಹೊಲಿದು ಡಾಂಬರು ಬಳಿದರು. ರಜೆ ಬಂದಾಗಲೆಲ್ಲ ಇಬ್ಬರೂ ಜಾಲಿ ಕಡಿದರು. ಆಚೆ ಕವಲಿನ ಕಡೆ, ದಾರಿಯ ಬಾಯಿಗೆ, ಒಣಗಿದ ಮುಳ್ಳುಕಂಟಿಯೊಂದು ಕಲ್ಲುಗಳ ಅಡಿ ಸಿಕ್ಕಿಕೊಂಡು ಬಿದ್ದಿತ್ತು. ಅದನ್ನೂ ಎಳೆದು ಸುಟ್ಟರು.

“ಹೆಂಗೈತಿ, ಆಚಾರ್ರೇ? ಮದಿವಿ ಮನಿ ಅಂಗಳ ಆದಂಗ ಆತು,” ಎಂದರು ಹಸನಸಾಬರು. ಅವರು ಅಷ್ಟು ಬೀಗಿದ್ದು ಅದೊಂದೇ ಸಲ.

ಸುಮೈರಾಳನ್ನು ಕರೆತಂದದ್ದು ಒಂದು ಬೆಳಿಗ್ಗೆ. ಆಚೆ ಕವಲು ದಾಟಿ ನಡುಗಡ್ಡೆಗೆ ಇಳಿದ ಮೇಲೆ ಹಸನಸಾಬರು ಹರಿಗೋಲನ್ನು ಬೋರಲು ಹೊತ್ತರು. ಹರಿಗೋಲು ತಲೆಗೇರಿತೆಂದರೆ ಹೊತ್ತವರಿಗೆ ತಮ್ಮ ಪಾದಗಳ ಹೊರತು ಏನೂ ಕಾಣುವುದಿಲ್ಲ. ಮುಂದೆ ನಡೆಯುವವರು ದಾರಿ ಹೇಳುತ್ತ ಹೋಗಬೇಕು. ಸುಮೈರಾ ಮುಂದಾದಳು. ಗಂಟು ಹೊತ್ತ ಜಯತೀರ್ಥ ಹಿಂದೆ ಉಳಿದ.

“ಕಲ್ಲು, ಅಪ್ಪಾ.”

“ಹೂಂ.”

“ತಗ್ಗು ಐತಿ. ಎಡಕ್ಕ ಬರ್ರಿ.”

“ಹೂಂ. ನೀ ಸಾವಕಾಶ ನಡಿಯವ್ವಾ.”

“ನಾ ಸಾವಕಾಶನs ಅದೀನಿ. ನಿಮ್ಮ ಕಾಲs ನಡಗಾಕ ಹತ್ಯಾವು.”

ಆಮೇಲೆ ದನಿ ನಿಂತಿತು.

ಹಸನಸಾಬರು ನಿಂತರು. ಡಾಂಬರಿನ ವಾಸನೆ, ಕತ್ತಲು, ತಮ್ಮದೇ ಉಸಿರು. “ಸುಮಾ?” ಎಂದರು. ಬಿದ್ದಳೇ? ನೋವು ಬಂತೇ? ಹರಿಗೋಲು ಕೆಳಗೆಸೆದರೆ ಅವಳ ಮೇಲೇ ಬಿದ್ದೀತು. ಹಿಂದೆ ಜಯತೀರ್ಥನ ಕೈಯಿಂದ ಗಂಟು ಜಾರಿ ಬಿದ್ದ ಸದ್ದು, ಅವನು ಬಂಡೆ ಹತ್ತುವ ಸದ್ದು, “ರಾಯರೇ, ರಾಯರೇ” ಎಂಬ ಚೀರು.

“ಅಪ್ಪಾ,” ಸುಮೈರಾಳ ದನಿ ಅರ್ಧ ಉಸಿರಿನಲ್ಲಿ ಬಂತು. “ಮೊಸಳಿ.”

ಅದು ದಾರಿಯ ನಡುವೆ, ಬಂಡೆಗಳ ನಡುವಿನ ಬಿಸಿಲಲ್ಲಿ ಮಲಗಿತ್ತು. ಅದರ ಮಡು ಇದ್ದದ್ದು ಇವರ ಬೆನ್ನ ಹಿಂದೆ, ದಾಟಿ ಬಂದ ಕವಲಿನಲ್ಲಿ. ಬೆದರಿದರೆ ಅದು ಓಡಿಬರಬೇಕಾದದ್ದು ಇವರ ಮೈಮೇಲೆಯೇ. ಸಂದಿಯಲ್ಲಿ ಬೇರೆ ದಾರಿ ಇರಲಿಲ್ಲ.

ಓಡಿಬಿಡಬೇಕೆಂದು ಮೈಯೆಲ್ಲ ಕೂಗುತ್ತಿತ್ತಂತೆ. ಆದರೆ ಕಾಲು ಮುಂದಕ್ಕೇ ಹೋಯಿತು. ಹರಿಗೋಲಿನ ಅಂಚು ಮಗಳ ಬೆನ್ನಿಗೆ ತಾಗುವವರೆಗೆ ನಡೆದರು. ಅಂಚೆತ್ತಿ ಅವಳನ್ನೂ ಒಳಗೆ ತೆಗೆದುಕೊಂಡು, ಅವಳ ಹೆಗಲು ಒತ್ತಿ ಕೂರಿಸಿ, ಕೋಳಿಯ ಮೇಲೆ ಬುಟ್ಟಿ ಮುಚ್ಚಿದ ಹಾಗೆ ಇಬ್ಬರ ಮೇಲೂ ಹರಿಗೋಲು ಮುಚ್ಚಿದರು. ಒಳಗಿನ ಬಿದಿರನ್ನು ಎರಡೂ ಕೈಯಿಂದ ಕೆಳಕ್ಕೆ ಜಗ್ಗಿ ಹಿಡಿದರು.

ಗರಸುಕಲ್ಲಿನ ಮೇಲೆ ಹೊಟ್ಟೆ ಎಳೆಯುವ ಸದ್ದು ಹತ್ತಿರವಾಯಿತು. ಕೆಸರಿನ ನಾತ ಬಂತು. ಅಂಚಿನ ಅಡಿಯ ಕಿರುಬೆಳಕಿನಲ್ಲಿ ಉಗುರುಳ್ಳ ಒಂದು ಪಾದ ನಿಂತಿತು. ಸುಮೈರಾ ತನ್ನ ಹೊಟ್ಟೆಯನ್ನು ಅಪ್ಪಿಕೊಂಡಳು. ಹಸನಸಾಬರಿಗೆ ಬಾಯಿಗೆ ಬಂದ ದುವಾ ಅರ್ಧಕ್ಕೇ ಮರೆತುಹೋಯಿತು. ಹರಿಗೋಲು ಒಂದು ಕಡೆ ಎದ್ದಿತು. ಅವರು ಜೋತುಬಿದ್ದು ಅದನ್ನು ನೆಲಕ್ಕೆ ತಂದರು. ಬಾಲದ ಏಟೊಂದು ತಾಡಪಾಲಿನ ಮೇಲೆ ತಮಟೆಯಂತೆ ಬಿತ್ತು. ಆಮೇಲೆ ದೂರದಲ್ಲಿ ನೀರು ಧುಡುಮ್ಮೆಂದಿತು.

“ಹೋತು! ಹೊಳಿಗೆ ಹೋತು!” ಜಯತೀರ್ಥ ಬಂಡೆಯ ಮೇಲಿಂದ ಕೂಗಿದ. “ಸಾಹೇಬ್ರೇ, ಅದೀರಿಲ್ಲೋ?”

“ಅದೀನಿ,” ಒಳಗಿಂದ ದನಿ ಬಂತು. “ನೀವು ಇಳೀಬ್ಯಾಡ್ರಿ ಆಚಾರ್ರೇ, ಅಲ್ಲೇ ಆರಾಮ ಕುಂದರ್ರಿ.”

ಹೊರಗೆ ಬಂದಾಗ ಅವರ ಲುಂಗಿ ಒದ್ದೆಯಾಗಿತ್ತು. ಅದು ಹೊಳೆಯ ನೀರಲ್ಲ ಎಂದು ಆಮೇಲೆ ಅವರೇ ನಕ್ಕು ಹೇಳುತ್ತಿದ್ದರು.

ಈಚೆ ದಂಡೆಯಲ್ಲಿ ಪಕ್ಕೀರಮ್ಮ ಎಲ್ಲ ಕೇಳಿಕೊಂಡಳು. “ದಾರಿ ಬಾಯಾಗಿದ್ದ ಕಂಟಿ ಏನ್ ಮಾಡಿದ್ರಿ?”

“ಸುಟ್ವಿ.”

“ಸುಟ್ರ್ಯಾ! ಅದು ಮೊಸಳಿಗೆ ಹಾಕಿದ ಬಾಗಲಾ, ಮಾರಾಯ. ದಾಟಿದ ಮ್ಯಾಲ ಮುಳ್ಳು ಎಳೆದು ಕಲ್ಲು ಹೇರಬೇಕು. ಬಾಗಲಾ ಸುಟ್ಟು ಅಂಗಳಾ ಬಳದಿಟ್ರ ಬೀಗರು ಬರಲಾರದ ಇರತಾರೇನು? ನಿಮಗ ಗೊತ್ತಿದ್ದೀತು ಅಂತ ನಾ ಸುಮ್ನಿದ್ದೆ. ಅದು ನಂದೂ ತಪ್ಪs.”

ಸುಮೈರಾಳಿಗೆ ಹೆಣ್ಣುಮಗು ಹುಟ್ಟಿತು. ಸಾಜಿಯಾ ಎಂದು ಹೆಸರಿಟ್ಟರು. ಆಮೇಲೆ ಬೇರೆ ಊರುಗಳ ಬಸುರಿಯರು, ಮುದುಕರು ಆ ದಾರಿಯಲ್ಲಿ ಬಂದರು. ಕರೆದಾಗಲೆಲ್ಲ ಹಸನಸಾಬರು ಹೋದರು. ಅವರ ಅಂಜಿಕೆ ಮಾತ್ರ ಹೋಗಲಿಲ್ಲ. ಹೊಸ ಕಂಟಿಯನ್ನು ಎಳೆದು ಮುಚ್ಚಿದ ಮೇಲೂ ತಿರುಗಿ ಹೋಗಿ ಅಲುಗಾಡಿಸಿ ನೋಡುತ್ತಿದ್ದರು.

ಹೋದ ಶುಕ್ರವಾರ ಮಗಳನ್ನೂ ಮೊಮ್ಮಗಳನ್ನೂ ಕರೆತರುತ್ತಿದ್ದರು. ಹರಿಗೋಲನ್ನು ದಾರಿಯೊಳಗೆ ಎಳೆದಿಟ್ಟಿದ್ದಾಗಿತ್ತು. ಸಾಜಿಯಾ ಆಗಲೇ ಸಂದಿಯಲ್ಲಿ ಓಡತೊಡಗಿದ್ದಳು, ಅವಳ ಹಿಂದೆ ಸುಮೈರಾ. ಹಸನಸಾಬರು ದಾರಿಯ ಬಾಯಲ್ಲೇ ಎದೆ ಒತ್ತಿಕೊಂಡು ಬಂಡೆಗೆ ಒರಗಿದರು. ಮುಖದ ತುಂಬ ಬೆವರು.

“ಸಾಹೇಬ್ರೇ, ಕುಂದರ್ರಿ,” ಎಂದ ಜಯತೀರ್ಥ. “ಕಂಟಿ ನಾ ನೋಡತೀನಿ.”

“ನಿಮ್ಮ ಕೈಲೆ ಸರಿ ಆಗೂದಿಲ್ಲ, ಆಚಾರ್ರೇ. ಒಳಗ ಕೂಸು ಐತಿ.”

ಬಗ್ಗಿ ಮುಳ್ಳುಕಂಟಿಯ ಬುಡ ಹಿಡಿದು ದಾರಿಯ ಬಾಯಿಗೆ ಎಳೆದರು. ಅದರ ಮೇಲೊಂದು ಕಲ್ಲು ಹೇರಿದರು. ಕೈ ಚಾಚಿ ಒಮ್ಮೆ ಅಲುಗಾಡಿಸಿ ನೋಡಿದರು.